ದಾಖಲೆ ಕೊಠಡಿಯ ಬೆಕ್ಕಿನ ನಿದ್ರೆ ಮತ್ತು ಮೂರನೇ ಮೇಜಿನ ಸೀನು

ಸಂಖ್ಯೆ: ದಾ.ಕೊ/ಬೆಕ್ಕು/ಸೀನು/14
ದಿನಾಂಕ: ಈ ತಿಂಗಳ ಮೂರನೆಯ ಸೋಮವಾರ

ಸುತ್ತೋಲೆ

ವಿಷಯ: ದಾಖಲೆ ಕೊಠಡಿಯಲ್ಲಿ ವಾಸವಾಗಿರುವ ಬೆಕ್ಕಿನ ನಿದ್ರೆಗೆ ಸಿಬ್ಬಂದಿಯ ಸೀನಿನಿಂದ ಉಂಟಾಗುತ್ತಿರುವ ಅಡಚಣೆಯ ನಿವಾರಣೆ ಬಗ್ಗೆ.

ಉಲ್ಲೇಖ:
1) ಮೂರನೇ ಮೇಜಿನ ಬೆರಳಚ್ಚುಗಾರ್ತಿಯು ಕೊಠಡಿ ಬದಲಾವಣೆ ಕೋರಿ ಸಲ್ಲಿಸಿದ ಅರ್ಜಿ, ವೈದ್ಯರ ಚೀಟಿ ಸಹಿತ (ಬೆಕ್ಕಿನ ಕೆಳಗಿದೆ).
2) ಸದರಿಯವರ ನೆನಪೋಲೆ (ಅರ್ಜಿಯ ಮೇಲೆ, ಬೆಕ್ಕಿನ ಕೆಳಗೆ).
3) ಮೇಲಧಿಕಾರಿಗಳ ಮೌಖಿಕ ಆದೇಶ: "ನೋಡೋಣ ಬಿಡಿ."

ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ಸಮಸ್ತ ಸಿಬ್ಬಂದಿಯ ಗಮನಕ್ಕೆ ತರುವುದೇನೆಂದರೆ, ದೊರೆಸಾನಿ ಎಂದು ಕರೆಯಲಾಗುವ ಬೆಕ್ಕು ಮೂಲತಃ ಮೇಲಧಿಕಾರಿಗಳ ಮನೆಯದು. ಅದರ ಕೂದಲಿನಿಂದ ಅವರ ಶ್ರೀಮತಿಯವರಿಗೆ ಬೆಳಗಿನಿಂದ ಸಂಜೆಯವರೆಗೆ ಸೀನು ಬರುತ್ತಿತ್ತು. "ಈ ಮನೇಲಿ ಅದಿರ್ಬೇಕು, ಇಲ್ಲ ನಾನಿರ್ಬೇಕು" ಎಂದು ಅವರು ಕಡ್ಡಿ ತುಂಡು ಮಾಡಿದಂತೆ ಹೇಳಿದ ಮೇರೆಗೆ, ನಾಲ್ಕು ತಿಂಗಳ ಹಿಂದೆ ಬೆಕ್ಕನ್ನು ಬುಟ್ಟಿ ಸಮೇತ ಕಚೇರಿಗೆ ತರಲಾಯಿತು. ತಂದ ಮೂರನೆಯ ದಿನದಿಂದ ಮೂರನೇ ಮೇಜು ಸೀನತೊಡಗಿತು. ಶ್ರೀಮತಿಯವರದು ಅಲರ್ಜಿ, ಮೂರನೇ ಮೇಜಿನದು ಅಶಿಸ್ತು ಎಂಬ ವ್ಯತ್ಯಾಸವನ್ನು ಗಮನದಲ್ಲಿರಿಸಿಕೊಂಡು ಈ ಕೆಳಕಂಡಂತೆ ಸೂಚಿಸಲಾಗಿದೆ.

1. ದೊರೆಸಾನಿಯನ್ನು ಇಲಿ ನಿಗ್ರಹಕ್ಕೆ ನಿಯೋಜಿತ ಸಿಬ್ಬಂದಿ ಎಂದು ಪರಿಗಣಿಸತಕ್ಕದ್ದು. ಇಲಿಗಳ ಹಾಜರಾತಿ ಎಂದಿನಂತೆಯೇ ಇರುವುದನ್ನು ಬೆಕ್ಕಿನ ಕರ್ತವ್ಯಲೋಪವೆಂದು ಆಡಿಕೊಳ್ಳತಕ್ಕದ್ದಲ್ಲ. ಕೆಲಸ ಆಗದೆಯೂ ಸಂಬಳ ಆಗುವ ಕಚೇರಿಯಲ್ಲಿ ಬೆಕ್ಕೊಂದರತ್ತ ಬೆರಳು ತೋರಿಸುವುದು ಯಾರಿಗೂ ಶೋಭೆಯಲ್ಲ.

2. ಯಾವುದೇ ಕಡತದ ಮೇಲೆ ಬೆಕ್ಕು ಮಲಗಿದ್ದಲ್ಲಿ, ಆ ಕಡತವು ಪರಿಶೀಲನೆಯಲ್ಲಿದೆ ಎಂದು ಭಾವಿಸತಕ್ಕದ್ದು. ಬೆಕ್ಕು ಮಗ್ಗುಲು ಬದಲಿಸಿದರೆ ಮರುಪರಿಶೀಲನೆ. ಉಗುರಿನಿಂದ ಕೆರೆದರೆ ಷರಾ. ಬೆಕ್ಕನ್ನು ಎಬ್ಬಿಸಿ ಕಡತ ತೆಗೆಯುವುದು ಪರಿಶೀಲನೆಯಲ್ಲಿ ಹಸ್ತಕ್ಷೇಪವಾಗುತ್ತದೆ.

3. ಸೀನು ಬರುವ ಸೂಚನೆ ಕಂಡ ಕೂಡಲೇ ಸಿಬ್ಬಂದಿಯು ನಮೂನೆ ಏಳನ್ನು ಮೂರು ಪ್ರತಿಗಳಲ್ಲಿ ತುಂಬಿ, ಅನುಮತಿ ಪಡೆದು, ಎರಡು ಮಹಡಿ ಇಳಿದು, ಸೈಕಲ್ ನಿಲ್ಲಿಸುವ ಜಾಗದಲ್ಲಿ ಗೋಡೆಗೆ ಮುಖ ಮಾಡಿ ಸೀನಿ, ಸೀನಿನ ವಹಿಯಲ್ಲಿ ರುಜು ಹಾಕಿ ಮರಳತಕ್ಕದ್ದು. ಅಷ್ಟರಲ್ಲಿ ಸೀನು ಹಿಂದಕ್ಕೆ ಹೋದಲ್ಲಿ, ಅನುಮತಿಯನ್ನು ದುರುಪಯೋಗಪಡಿಸಿಕೊಂಡಿದ್ದಕ್ಕೆ ಲಿಖಿತ ಸಮಜಾಯಿಷಿ ಕೊಡತಕ್ಕದ್ದು.

4. ಈ ಬಗ್ಗೆ ನಡೆಸಿದ ವಿಚಾರಣೆಯಲ್ಲಿ ಸದರಿ ಬೆರಳಚ್ಚುಗಾರ್ತಿಯ ಹೇಳಿಕೆಯನ್ನು ಇದ್ದಂತೆಯೇ ದಾಖಲಿಸಲಾಗಿದೆ: "ನಾನೇನ್ ಬೇಕೂಂತ ಸೀನ್ತೀನಾ ಸಾರ್? ನಿಮ್ ಮೂಗು ನಿಮ್ ಮಾತು ಕೇಳುತ್ತಾ? ನಂಗೆ ಬೆಕ್ಕಿನ ಮೇಲೇನೂ ಕೋಪ ಇಲ್ಲ, ಪಾಪದ್ದು. ನಂಗೊಂದು ಬೇರೆ ಕೋಣೆ ಕೊಡಿ, ಉಸಿರಾಡ್ಕೊಂಡ್ ಬದುಕ್ತೀನಿ." ಉಸಿರಾಟವು ಸೇವಾ ನಿಯಮಗಳ ವ್ಯಾಪ್ತಿಗೆ ಬಾರದ ಕಾರಣ ಹೇಳಿಕೆಯ ಕೊನೆಯ ವಾಕ್ಯವನ್ನು ಕಡೆಗಣಿಸಲಾಗಿದೆ. ಜವಾನನು "ಬೆಕ್ಕಿಗೆ ಗಂಟೆ ಕಟ್ಟೋರ್ಯಾರು ಅಂತಿದ್ರು ನಮ್ಮಜ್ಜಿ. ಇಲ್ಲಿ ಕುರ್ಚಿನೇ ಹಾಕ್ಕೊಟ್ಟವ್ರಲ್ಲಪ್ಪ!" ಎಂದಿರುತ್ತಾನೆ. ಅವನಿಗೆ ಎಚ್ಚರಿಕೆ ನೀಡಲಾಗಿದೆ. ಅಜ್ಜಿಗೂ ನೀಡಬೇಕೆಂದಿತ್ತು, ವಿಳಾಸ ಲಭ್ಯವಿಲ್ಲ.

5. ವೈದ್ಯರ ಚೀಟಿಯಲ್ಲಿ "ಬೆಕ್ಕಿನಿಂದ ದೂರವಿರತಕ್ಕದ್ದು" ಎಂದಿದೆಯೆಂದು ಸದರಿಯವರು ತಿಳಿಸಿರುತ್ತಾರೆ. ವೈದ್ಯರು ಈ ಮಾತನ್ನು ಬೆಕ್ಕಿಗೆ ಹೇಳಿಲ್ಲವಾದ್ದರಿಂದ ದೂರವಿರುವ ಹೊಣೆ ರೋಗಿಯದೇ. ಅದರಂತೆ ಅವರ ಮೇಜನ್ನು ಮೆಟ್ಟಿಲ ಕಡೆಗೆ ಸರಿಸಲು ಪ್ರಯತ್ನಿಸಲಾಯಿತು. ಕಂಪ್ಯೂಟರಿನ ವೈರು ಬಾಗಿಲವರೆಗೆ ಮಾತ್ರ ಬರುವುದರಿಂದ, ಸದರಿಯವರು ಮೂಗು ಹೊಸ್ತಿಲಿನ ಆಚೆ, ಕೈಗಳು ಈಚೆ ಇರುವಂತೆ ಕುಳಿತು ಕಾರ್ಯ ನಿರ್ವಹಿಸತಕ್ಕದ್ದು. ಬಾಗಿಲು ಹಾಕುವವರು ಕೈ ನೋಡಿಕೊಂಡು ಹಾಕತಕ್ಕದ್ದು.

6. ಕಳೆದ ಗುರುವಾರ ಸದರಿಯವರು ಉಬ್ಬಸ ಬಂದು, ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಮುಕ್ಕಾಲು ಗಂಟೆ ಕುಳಿತಿದ್ದು, ಜವಾನನು ನೀರು ಕುಡಿಸಿ ಬೆನ್ನು ನೀವಿರುತ್ತಾನೆ. ಸದರಿ ಅವಧಿಯನ್ನು ಅರ್ಧ ದಿನದ ರಜೆಯೆಂದು ಪರಿಗಣಿಸಲಾಗಿದೆ. ನೀರನ್ನು ಬೆಕ್ಕಿನ ಬಟ್ಟಲಿನಿಂದ ತೆಗೆದಿಲ್ಲವೆಂದು ಖಚಿತಪಡಿಸಿಕೊಳ್ಳಲಾಗಿದೆ. ಇನ್ನು ಮುಂದೆ ಉಬ್ಬಸವನ್ನು ಸದ್ದಿಲ್ಲದೆ ಪಡತಕ್ಕದ್ದು.

7. ಮರುದಿನ ಶುಕ್ರವಾರ ದೊರೆಸಾನಿಯು ಉಲ್ಲೇಖ ಒಂದರ ಅರ್ಜಿಯ ಮೇಲೆ ಮೂರು ಮರಿ ಹಾಕಿದೆ. ಬಾಣಂತಿಯನ್ನು ಕದಲಿಸುವುದು ಅಮಾನವೀಯವಾದ್ದರಿಂದ ಅರ್ಜಿಯ ಪರಿಶೀಲನೆಯನ್ನು ಮರಿಗಳು ಕಣ್ಣು ಬಿಡುವವರೆಗೆ ವಿಸ್ತರಿಸಲಾಗಿದೆ. ಕಣ್ಣು ಬಿಟ್ಟ ಮರಿಗಳನ್ನು ಕೊಠಡಿಗೊಂದರಂತೆ ಹಂಚಲಾಗುವುದು. ಕಚೇರಿಯಲ್ಲಿ ದಾಖಲೆ ಕೊಠಡಿ ಬಿಟ್ಟರೆ ಇನ್ನು ಮೂರೇ ಕೊಠಡಿಗಳಿರುವುದರಿಂದ, ಸದರಿಯವರು ಕೋರಿದ ಕೊಠಡಿಯೂ ಸೌಲಭ್ಯವಂಚಿತವಾಗುವುದಿಲ್ಲ.

8. ಮೇಲಧಿಕಾರಿಗಳು ಫೋನಿನಲ್ಲಿ ಹೇಳಿ ಬರೆಸಿದ್ದನ್ನು ಮೂರನೇ ಮೇಜು ಒಂದಕ್ಷರ ಬಿಡದೆ ಬೆರಳಚ್ಚು ಮಾಡುವುದು, ಸಹಿ ಬೇಕಾದಲ್ಲಿ ಜವಾನನು ಪೆನ್ಸಿಲಿನಿಂದ ಗುರುತು ಹಾಕುವುದು, ಗುರುತು ಕಂಡಲ್ಲಿ ಮೇಲಧಿಕಾರಿಗಳು ಓದದೆ ಸಹಿ ಮಾಡುವುದು, ಒಮ್ಮೆ ಸಹಿಯಾದ ಸುತ್ತೋಲೆಯನ್ನು ಸಹಿ ಮಾಡಿದವರೂ ಹಿಂಪಡೆಯಲಾಗದಿರುವುದು ಈ ಕಚೇರಿಯ ಇಪ್ಪತ್ತೆರಡು ವರ್ಷಗಳ ಪದ್ಧತಿ. ಕಣ್ಣು ಮುಚ್ಚಿ ಹಾಲು ಕುಡಿಯುವುದು ಬೆಕ್ಕಿಗೆ ಹೇಗೋ ಇದು ನಮಗೆ ಹಾಗೆ. ಈ ಪದ್ಧತಿಯನ್ನು ಮುಂದುವರಿಸಲಾಗಿದೆ. ಸಾಕು, ಇಷ್ಟು ಬರ್ಕೊಳಮ್ಮ, ನಂಗೆ ಊಟಕ್ಕೆ ಹೊತ್ತಾಯ್ತು.

9. ಹಾಳೆಯಲ್ಲಿ ಇನ್ನೂ ಜಾಗ ಉಳಿದಿರುವುದರಿಂದ ಮುಂದುವರಿದು ಆದೇಶಿಸುವುದೇನೆಂದರೆ, ದೊರೆಸಾನಿಯ ನಿಯೋಜನೆಯನ್ನು ಈ ಮೂಲಕ ರದ್ದುಪಡಿಸಲಾಗಿದೆ. ತಾಯಿಯನ್ನೂ ಮೂರು ಮರಿಗಳನ್ನೂ ಇಂದು ಸಂಜೆ ಐದಕ್ಕೆ ಬುಟ್ಟಿ ಸಮೇತ ಮೇಲಧಿಕಾರಿಗಳ ಕಾರಿನ ಹಿಂದಿನ ಸೀಟಿನಲ್ಲಿರಿಸಿ ಮನೆಗೆ ತಲುಪಿಸತಕ್ಕದ್ದು. ಮರಿಗಳಿಗೆ ಚಳಿಯಾಗದಂತೆ ಜವಾನನ ಹಳೆಯ ಸ್ವೆಟರ್ ಹೊದಿಸತಕ್ಕದ್ದು, ತಪ್ಪು ಅವುಗಳದಲ್ಲ.

10. ಶ್ರೀಮತಿಯವರ ಮೂಗಿಗೆ ಯಾವ ರೀತಿಯಲ್ಲೂ ತೊಂದರೆ ಆಗತಕ್ಕದ್ದಲ್ಲ. ಆದ್ದರಿಂದ ಬೆಕ್ಕು, ಮರಿಗಳು ಮತ್ತು ಮೇಲಧಿಕಾರಿಗಳು ಕಾರು ನಿಲ್ಲಿಸುವ ಕೋಣೆಯಲ್ಲಿ ವಾಸಿಸತಕ್ಕದ್ದು. ಫ್ಯಾನಿನ ವೈರು ಸಾಲದಿದ್ದಲ್ಲಿ ಮೇಲಧಿಕಾರಿಗಳು ತಲೆ ಹೊಸ್ತಿಲಿನ ಆಚೆ, ಕಾಲು ಈಚೆ ಇರಿಸಿ ಮಲಗತಕ್ಕದ್ದು.

11. ಉಲ್ಲೇಖ ಒಂದರ ಅರ್ಜಿಯನ್ನು ಮಂಜೂರು ಮಾಡಲಾಗಿದೆ. ಮರಿಗಳು ಅದರ ಮೇಲೆ ಮಾಡಿರುವ ಷರಾಗಳನ್ನು ಒಪ್ಪಿಗೆಯೆಂದೇ ಓದಿಕೊಳ್ಳತಕ್ಕದ್ದು. ಗುರುವಾರದ ಅರ್ಧ ದಿನದ ರಜೆಯನ್ನು ಹಿಂತಿರುಗಿಸಲಾಗಿದೆ.

(ಸಹಿ ಇದೆ, ಪೆನ್ಸಿಲ್ ಗುರುತಿನ ಮೇಲೆಯೇ)
ಮೇಲಧಿಕಾರಿ

ಪ್ರತಿಗಳು:
1. ಎಲ್ಲ ಕೊಠಡಿಗಳ ಸೂಚನಾ ಫಲಕಕ್ಕೆ, ಮೊಳೆ ಹೊಡೆದು.
2. ಜವಾನನಿಗೆ, ಬುಟ್ಟಿ ಹೊರುವ ಬಗ್ಗೆ ಮುಂದಿನ ಕ್ರಮಕ್ಕಾಗಿ. ಅವನು ಆಗಲೇ ಹೊರಟಿದ್ದಾನೆ.
3. ಶ್ರೀಮತಿಯವರಿಗೆ, ಕಂಡಿಕೆ ಹತ್ತನ್ನು ಕೆಂಪು ಶಾಯಿಯಲ್ಲಿ ಗೆರೆ ಎಳೆದು.
4. ಬೆರಳಚ್ಚುಗಾರ್ತಿಗೆ, ಕಿಟಕಿಯಿರುವ ಕೊಠಡಿಯ ವಿಳಾಸಕ್ಕೆ.
5. ಮೇಲಧಿಕಾರಿಗಳ ಸ್ವಂತ ಪ್ರತಿಯನ್ನು ಬುಟ್ಟಿಯಲ್ಲಿ ದೊರೆಸಾನಿಯ ಕೆಳಗೆ ಹಾಸಲಾಗಿದೆ. ಅದು ಏಳುವವರೆಗೆ, ಕಂಡಿಕೆ ಎರಡರಂತೆ, ಪರಿಶೀಲನೆಯಲ್ಲಿದೆ ಎಂದು ಭಾವಿಸತಕ್ಕದ್ದು.