ಉಪವಾಸಕ್ಕೆ ಸಿಕ್ಕ ಮೀನೆಣ್ಣೆ ಗುಳಿಗೆ

ವಿಟಮಿನ್ ಎಂಬ ಹೆಸರು ಮೊದಲು ನನ್ನ ಕಿವಿಗೆ ಬಿದ್ದದ್ದು ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸ ಶುರುವಾದ ವಾರ. ನನ್ನನ್ನೂ ನಾದಿನಿ ಎವಾಂಥಿಯಾಳನ್ನೂ ಒಟ್ಟಿಗೆ ಕೂರಿಸಿಕೊಂಡು ನಮ್ಮ ದ್ವೀಪದ ಡಾಕ್ಟರು, "ಇಬ್ಬರ ಮೂಳೆಯೂ ಒಳಗೊಳಗೇ ಟೊಳ್ಳಾಗಿದೆ. ಒಂದ್ಸಲ ಜಾರಿಬಿದ್ರೆ ಸೊಂಟ ಹೋಯ್ತು ಅಂತಲೇ ತಿಳೀರಿ" ಎಂದರು. (ಗಂಡ ತೀರಿಕೊಂಡ ಮೇಲೆ ನನ್ನ ಸೊಂಟದ ಬಗ್ಗೆ ಯಾವ ಗಂಡಸೂ ಇಷ್ಟು ಕಾಳಜಿ ತೋರಿಸಿರಲಿಲ್ಲ.)

ಕ್ಯಾಲ್ಸಿಯಂ ಮಾತ್ರೆ ಇಬ್ಬರಿಗೂ ಒಂದೇ. ವಿಟಮಿನ್ ಡಿ ಮಾತ್ರ ಔಷಧಿ ಅಂಗಡಿಯಲ್ಲಿ ಆರಿಸಿಕೊಳ್ಳಬೇಕಿತ್ತು: ಆಲಿವ್ ಎಣ್ಣೆಯಲ್ಲಿ ಬೆರೆಸಿದ ಹನಿ, ಇಲ್ಲವೇ ಮೀನೆಣ್ಣೆಯ ಗುಳಿಗೆ. ಎವಾಂಥಿಯಾ ಹನಿ ತೆಗೆದುಕೊಂಡಳು.

"ಎಣ್ಣೆ ಮನೇಲಿ ಜಾಡಿಗಟ್ಟಲೆ ಇದೆಯಲ್ಲೇ, ಅದಕ್ಕೂ ಅಂಗಡಿಗೆ ಬರ್ಬೇಕಾ?" ಎಂದು ಹಂಗಿಸಿ, ನಾನು ಬಂಗಾರದಂತೆ ಹೊಳೆಯುವ ಗುಳಿಗೆಯನ್ನೇ ಆರಿಸಿದೆ.

ಮನೆ ಮುಟ್ಟಿದ ಮೇಲೆ ಜ್ಞಾನೋದಯವಾಯಿತು. ಉಪವಾಸದಲ್ಲಿ ಮಾಂಸ, ಹಾಲು, ಮೊಟ್ಟೆಯ ಜೊತೆ ಮೀನೂ ನಿಷಿದ್ಧ! ಮೀನಿಗೆ ವಿನಾಯಿತಿ ದೇವಮಾತೆಗೆ ಶುಭವಾರ್ತೆ ಬಂದ ಹಬ್ಬದ ದಿನ. ಸರಿ, ಅಲ್ಲಿಯವರೆಗಿನ ಗುಳಿಗೆಗಳನ್ನೆಲ್ಲ ಒಂದು ಕಾಫಿ ಬಟ್ಟಲಲ್ಲಿ ಕೂಡಿಡತೊಡಗಿದೆ.

ಎವಾಂಥಿಯಾಗೆ ಬರೀ ನೀರಲ್ಲಿ ಮಾತ್ರೆ ನುಂಗಿದರೆ ಹೊಟ್ಟೆ ಉರಿಯುತ್ತಿತ್ತು. ಅದಕ್ಕೆ ಹಾಲಿನ ಜೊತೆ ನುಂಗುತ್ತಿದ್ದಳು. ಗೊತ್ತಾದ ಮೇಲೆ ನಾನು ಸುಮ್ಮನಿರುತ್ತೇನೆಯೇ? ಚರ್ಚಿನ ಅಂಗಳದಲ್ಲಿ, ಹೆಂಗಸರೆಲ್ಲ ಕೇಳುವಂತೆ, "ಮೂಳೆ ಉಳಿಸ್ಕೊಳ್ಳೋಕೆ ಆತ್ಮ ಕಳ್ಕೋತೀಯೇನೇ?" ಎಂದೆ.

"ಡಾಕ್ಟ್ರೇ ಹೇಳಿದಾರೆ ಅತ್ತಿಗೆ."

"ಸ್ವರ್ಗದ ಬಾಗಿಲು ಕಾಯೋದು ನಿನ್ ಡಾಕ್ಟ್ರಾ?"

ಎಲ್ಲರೂ ನಕ್ಕರು. ಅವಳು ತಲೆ ತಗ್ಗಿಸಿ ಹೊರಟುಹೋದಳು.

ಹಬ್ಬ ಬಂತು. ಬೆಳ್ಳುಳ್ಳಿ ಗೊಜ್ಜಿನ ಜೊತೆ ಹುರಿದ ಮೀನು ತಿಂದು, ಅದರ ಹಿಂದೆಯೇ ಕೂಡಿಟ್ಟ ಗುಳಿಗೆಯ ಬಟ್ಟಲನ್ನೇ ಖಾಲಿ ಮಾಡಿದೆ. ಮರುದಿನ ಶುಕ್ರವಾರದ ಸಂಜೆ ಪ್ರಾರ್ಥನೆ. ಊರೇ ಉಸಿರು ಬಿಗಿಹಿಡಿದು ಸ್ತುತಿ ಕೇಳುತ್ತಿರುವಾಗ ನನ್ನ ಹೊಟ್ಟೆಯ ಗರ್ಭಗುಡಿಯಿಂದ ಒಂದು ತೇಗು ಹೊರಟಿತು. ತೇಗೇ ಅದು? ಬಂದರಿನ ಮೀನುಕಟ್ಟೆ! ಧೂಪವೂ ಸೋತಿತು. ಧೂಪ ಬೀಸುತ್ತ ಬಂದ ಪಾದ್ರಿ ಪಾಪಾ ಸ್ಟಾಮಾಟಿಸ್ ನನ್ನೆದುರು ಗಕ್ಕನೆ ನಿಂತರು.

ಪ್ರಾರ್ಥನೆ ಮುಗಿದ ಮೇಲೆ ಅಂಗಳದಲ್ಲಿ ವಿಚಾರಣೆ. ಪಾದ್ರಿ ನನ್ನ ಹೆಸರು ಹಿಡಿದೇ ಕೇಳಿದರು.

"ಮರಿಗೋ, ಇವತ್ತೂ ಮೀನು ತಿಂದ್ಯಾ?"

"ಅಯ್ಯೋ ಇಲ್ಲ ಸ್ವಾಮಿ! ಔಷಧಿ. ಕೂಡಿಟ್ಟು ಒಟ್ಟಿಗೆ ನುಂಗಿದೆ."

"ಒಟ್ಟಿಗಾ? ಅದೇನು ಹರಕೆ ಮೇಣದಬತ್ತಿಯಾ, ಗೊಂಚಲು ಗೊಂಚಲಾಗಿ ಹಚ್ಚೋಕೆ? ಮೊದ್ಲು ಡಾಕ್ಟ್ರ ಹತ್ರ ಹೋಗು. ಕಾಯಿಲೆಯವರಿಗೆ ಉಪವಾಸ ಇಲ್ಲಮ್ಮ. ಎವಾಂಥಿಯಾಗೆ ಹಾಲು ಕುಡಿ ಅಂತ ನಾನೇ ಅಪ್ಪಣೆ ಕೊಟ್ಟಿದ್ದೆ."

ಎವಾಂಥಿಯಾ ನೆಲ ನೋಡುತ್ತ, "ನಾನು ಹಾಲು, ಮಾತ್ರೆ ಎರಡೂ ಅವತ್ತೇ ಬಿಟ್ಟೆ ಸ್ವಾಮಿ. ಅತ್ತಿಗೆ ಹಾಗಂದ್ಮೇಲೆ ಗಂಟಲಲ್ಲಿ ಇಳೀಲಿಲ್ಲ" ಎಂದಳು.

ತೇಗಿನ ನಾಚಿಕೆ ಅಲ್ಲಿಗೇ ಇಂಗಿಹೋಯಿತು. ಅದಕ್ಕಿಂತ ದೊಡ್ಡ ನಾಚಿಕೆ ಮುಖಕ್ಕೇರಿತು. ಇವಳು ಮೆಟ್ಟಿಲಲ್ಲಿ ಜಾರಿಬಿದ್ದಿದ್ದರೆ ಮುರಿಯುತ್ತಿದ್ದ ಸೊಂಟ ಇವಳದು, ಅದನ್ನು ಮುರಿದ ಬಾಯಿ ನನ್ನದು.

"ನಾಳೆಯಿಂದಲೇ ತಗೊಳ್ಳೇ, ನನ್ನಾಣೆ" ಎಂದು ಕೈಹಿಡಿದೆ.

"ತಗೋತೀನಿ. ಆದ್ರೆ ಹಾಲು ದಿನಾ ನೀವೇ ತಂದ್ಕೊಡ್ಬೇಕು. ಹಿಂದಿನ ಓಣಿಯಿಂದಲ್ಲ, ಬೆಳಗಿನ ಪ್ರಾರ್ಥನೆ ಬಿಡೋ ಹೊತ್ಗೆ ಈ ಅಂಗಳ ದಾಟ್ಕೊಂಡು. ಲೋಟ ಮುಚ್ಬೇಡಿ ಅತ್ತಿಗೆ."