ನಿದ್ದೆ ಮಾಡುವ ಪೂಜಾಳನ್ನೇ ಕಳಿಸಿಕೊಡಿ

ದಾವಣಗೆರೆಯ ‘ನಿಶಾಸೇವೆ’ ರಾತ್ರಿ ಆರೈಕೆ ಸಂಸ್ಥೆಯ ಮಾನ್ಯ ಮಾಲೀಕರೇ,

ಬಸವಾಪಟ್ಟಣದಿಂದ ಶಾಂತಲಾ ಕೈಮುಗಿದು ಮಾಡುವ ನಮಸ್ಕಾರಗಳು. ನಾವು ಕ್ಷೇಮ. ತಾವೂ, ತಮ್ಮ ಸೂಪರ್‌ವೈಸರ್ ಬೆನಕಪ್ಪನವರೂ, ಅವರ ಟಾರ್ಚೂ ಕ್ಷೇಮವೆಂದು ನಂಬಿದ್ದೇನೆ.

ನಿನ್ನೆ ಕೆಟ್ಟ ಕನಸು ಬಿತ್ತು. ನಮ್ಮ ಅತ್ತೆ ಕರಿಬಸಮ್ಮನವರು ಮೊರದಲ್ಲಿ ಕೂತು ಊರ ಪಕ್ಕದ ಚಾನಲ್ ಕಾಲುವೆಯ ನೀರಿನಲ್ಲಿ ತೇಲಿಕೊಂಡು ಹೋಗುತ್ತಿದ್ದರು, ನಾನು ಅವರ ಚಪ್ಪಲಿ ಹಿಡಿದು ದಡದ ಮೇಲೆ ಓಡುತ್ತಿದ್ದೆ, ಸೇತುವೆ ಮೇಲೆ ನಿಂತ ಬೆನಕಪ್ಪನವರು “ಒಂದು ಸೈನ್ ಮಾಡಿ ಹೋಗ್ರೀ ಅಮ್ಮಾ” ಎನ್ನುತ್ತಿದ್ದರು. ಎದ್ದು ನೋಡಿದರೆ ಅತ್ತೆ ಮನೆಯಲ್ಲೇ ಇದ್ದರು. ಆದರೂ ಈ ಪತ್ರ ಬರೆಯಲು ಕೂತಿದ್ದೇನೆ, ಏಕೆಂದರೆ ಈ ಕನಸಿಗೆ ತಮ್ಮ ಮೆಸೇಜೇ ಕಾರಣ.

ತಮಗೆ ತಿಳಿದಂತೆ ಅತ್ತೆಗೆ ಮರೆವು. ಕತ್ತಲಾದರೆ ಸಾಕು, ಬಟ್ಟೆಗಂಟು ಹೊತ್ತು ಒಗೆಯಲೆಂದು ಚಾನಲ್ ಕಡೆ ಹೊರಡುತ್ತಾರೆ. ಒಮ್ಮೆ ಮೊಣಕಾಲುದ್ದ ನೀರಿಗೂ ಇಳಿದಿದ್ದರು. ನನ್ನ ಗಂಡ ರಾತ್ರಿ ಲಾರಿ ಓಡಿಸುವವರು, ನಾನು ಕೋಳಿ ಕೂಗುವ ಮೊದಲೇ ಹೋಟೆಲಿಗೆ ಇಡ್ಲಿ ಬೇಯಿಸಲು ಹೋಗುವವಳು. ಆದ್ದರಿಂದ, ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನ ತಲೆಗೆ ಎಟುಕಿದಷ್ಟು ವಿಚಾರಿಸಿ, ಹೊನ್ನಾಳಿಯವರು ಫೋನಿನಲ್ಲೇ ಆಕಳಿಸಿದರೆಂದು ಬಿಟ್ಟು, ಚನ್ನಗಿರಿಯವರು ಹಗಲು ಮಾತ್ರ ಎಂದದ್ದಕ್ಕೆ ಬಿಟ್ಟು, ‘ರೆಪ್ಪೆ ಮಿಟುಕಿಸದ ಸೇವೆ’ ಎಂದು ಬರೆದುಕೊಂಡ ತಮ್ಮನ್ನೇ ಆರಿಸಿದೆ.

ತಾವು ಕಳಿಸಿದ ಹುಡುಗಿ ಪೂಜಾ, ಬ್ಯಾಗು ಹಿಡಿದು ಹೊಸ್ತಿಲು ದಾಟಿದ್ದೇ ತಡ, ಊರಿನ ಅರ್ಧ ಹೆಣ್ಣುಮಕ್ಕಳ ಬಾಣಂತನ ಮಾಡಿದ ನಮ್ಮ ಅತ್ತೆ, ಆಕೆಯನ್ನು ಆಸ್ಪತ್ರೆಯಿಂದ ಬಂದ ಬಾಣಂತಿ ಎಂದು ತೀರ್ಮಾನಿಸಿಬಿಟ್ಟರು. “ನಂಗಿನ್ನೂ ಮದುವೇನೇ ಆಗಿಲ್ಲ ಕಣಜ್ಜಿ” ಎಂದು ಆಕೆ ಅಳುಮೋರೆ ಮಾಡಿದರೆ, “ಅದನ್ನ ಹೊರಗೆ ಯಾರ ಮುಂದೂ ಹೇಳಬ್ಯಾಡ, ಬಾಯಿ ಮುಚ್ಕಂಡು ಮಲ್ಕ” ಎಂದರು. ತಲೆಗೆ ಬಟ್ಟೆ ಕಟ್ಟಿದರು, ಕಿವಿಗೆ ಹತ್ತಿ ತುರುಕಿದರು, ನನ್ನಿಂದ ತುಪ್ಪದಲ್ಲಿ ಬೆಳ್ಳುಳ್ಳಿ ಹುರಿಸಿ ತಿನ್ನಿಸಿದರು. ಬೆಂಕಿಪೊಟ್ಟಣ, ಕುಡುಗೋಲು ಎರಡನ್ನೂ ನಾನು ಹೆದರಿ ಬಚ್ಚಿಟ್ಟಿದ್ದರಿಂದ, ಕೆಂಡವೇ ಇಲ್ಲದ ಲೋಬಾನದ ಬಟ್ಟಲನ್ನು ಮಂಚದ ಸುತ್ತ ಆಡಿಸಿ, ಗಾಳಿ ಸೋಕದಿರಲೆಂದು ದಿಂಬಿನ ಕೆಳಗೆ ಕಬ್ಬಿಣದ ಸೌಟಿಟ್ಟರು. ಪೂಜಾ ಏಳಲು ಹೋದರೆ “ಹಸಿ ಮೈ ಐತೆ, ಓಡಾಡಾಕೆ ಹೋಗಬ್ಯಾಡ” ಎಂದು ಗದರಿ ಕಾಲು ಒತ್ತಿದರು. ತುಪ್ಪ, ಕಂಬಳಿ, ಕಾಲೊತ್ತುವುದು ಮೂರೂ ಕೂಡಿದರೆ ಮಾನ್ಯರೇ, ತಾವಾದರೂ ಗೊರಕೆ ಹೊಡೆಯುತ್ತಿದ್ದಿರಿ.

ಬಾಣಂತಿಯನ್ನು ಒಂಟಿಯಾಗಿ ಬಿಟ್ಟು ಹೋಗಬಾರದೆಂಬುದು ನಮ್ಮ ಕಡೆಯ ಕಟ್ಟಳೆ. ಹಾಗಾಗಿ ಅತ್ತೆ ಅಂದಿನಿಂದ ಚಾನಲ್ ಕಡೆ ತಲೆ ಹಾಕಿಲ್ಲ. ಮಂಚಕ್ಕೆ ಬೆನ್ನು ಕೊಟ್ಟು ಕೂತು ರಾತ್ರಿಯಿಡೀ ಪೂಜಾಳನ್ನು ಕಾಯುತ್ತಾರೆ, ಹಗಲು ಸುಖವಾಗಿ ಮಲಗುತ್ತಾರೆ. ತಾವು ಬರೆದದ್ದು ಸುಳ್ಳಲ್ಲ. ರೆಪ್ಪೆ ಯಾರದೆಂದು ಮಾತ್ರ ಹೇಳಿರಲಿಲ್ಲ.

ಹೀಗಿರುವಾಗ ಮೊನ್ನೆ ರಾತ್ರಿ ಟಾರ್ಚು ಹಿಡಿದು ತಪಾಸಣೆಗೆ ಬಂದ ಬೆನಕಪ್ಪನವರು ಪೂಜಾ ಬಾಯಿ ತೆರೆದು ಮಲಗಿದ್ದನ್ನು ಫೋಟೋ ಹೊಡೆದರು. “ಬಾಣಂತಿ ಕ್ವಾಣೆಗೆ ನುಗ್ತೀಯಲ್ಲೋ, ಮಾನ ಐತೇನೋ ನಿಂಗೆ?” ಎಂದು ಅತ್ತೆ ಪೊರಕೆ ಹಿಡಿದು ಅವರನ್ನು ರಸ್ತೆವರೆಗೂ ಬೀಳ್ಕೊಟ್ಟಿದ್ದಕ್ಕೆ ಕ್ಷಮೆ ಇರಲಿ. ಈಗ ಪೂಜಾಳನ್ನು ತೆಗೆದು ‘ಸದಾ ಎಚ್ಚರವಿರುವವರನ್ನು’ ಕಳಿಸುವುದಾಗಿ ತಮ್ಮ ಮೆಸೇಜು.

ಮಾನ್ಯರೇ, ಬೇಡ. ಎಚ್ಚರವಿರುವವರು ಕುರ್ಚಿ ಮೇಲೆ ಕೂತಿರುತ್ತಾರೆ. ಕುರ್ಚಿ ಮೇಲೆ ಕೂತವರಿಗೆ ಬಾಣಂತನ ಮಾಡಲಾಗದೆ ಅತ್ತೆ ಮತ್ತೆ ಬಟ್ಟೆಗಂಟು ಹೊರುತ್ತಾರೆ, ಆ ಎಚ್ಚರದವರು ಒಂದು ಸಲ ಬಚ್ಚಲಿಗೆ ಹೋದರೂ ಸಾಕು, ನನ್ನ ಕನಸು ನಿಜವಾಗುತ್ತದೆ. ಆದ್ದರಿಂದ ತಮ್ಮ ಸಿಬ್ಬಂದಿಗೆಲ್ಲ ಮಲಗುವ ತರಬೇತಿ ಕೊಡಿ, ಗೊರಕೆಗೆ ಬಡ್ತಿ ಕೊಡಿ, ಅತ್ತೆಗೊಂದು ತಮ್ಮ ಸಂಸ್ಥೆಯ ನೀಲಿ ಕೋಟು ಕೊಡಿ. ಬಾಣಂತನ ಮುಗಿಯಿತೆಂದು ಅವರಿಗೆ ಅನ್ನಿಸುವ ಹೊತ್ತಿಗೆ, ಪೂಜಾಳಿಗೆ ಎರಡನೆಯದೂ ಆಯಿತೆಂದು ತಾವೇ ಸಕ್ಕರೆ ಹಂಚಿಕೊಂಡು ಬನ್ನಿ.

ಮಲಗಿದರೂ ಒಂದು ಕಿವಿ ಬಾಗಿಲ ಕಡೆ ಇಟ್ಟಿರುವ ತಮ್ಮ ವಿಶ್ವಾಸಿ,
ಶಾಂತಲಾ

ವಿ.ಸೂ.: ಇಷ್ಟು ಬರೆಯುವಷ್ಟರಲ್ಲಿ ತಮ್ಮ ಇನ್ನೊಂದು ಮೆಸೇಜು ಬಂತು. ನಾಳೆಯಿಂದ ಬರುವವರ ಹೆಸರು ಸಿದ್ದೇಶ್ ಎಂದಿದೆ, ಫೋಟೋದಲ್ಲಿ ಹುರಿಮೀಸೆಯೂ ಇದೆ. ಅತ್ತೆಗೆ ಮರೆವಿರುವುದು ನಿಜ, ಆದರೆ ಕಣ್ಣು ಚೆನ್ನಾಗಿ ಕಾಣುತ್ತದೆ. ತಮ್ಮ ಸಂಸ್ಥೆಯಲ್ಲಿ ಎಲ್ಲರೂ ಎಚ್ಚರವಿರುವುದರಿಂದ ತಪ್ಪಾಗಿರಲಾರದು; ಆದರೂ ಆ ಹೆಸರೊಂದನ್ನು ದಯವಿಟ್ಟು ಇನ್ನೊಮ್ಮೆ ನೋಡಿ ಹೇಳಿ.