ಸಾವಿಗೆ ನಾನು ಕೊಟ್ಟ ಎಲ್ಫ್ ಶಬ್ದ

ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ನೀವಾಗಿ ಕಂಡುಹಿಡಿದರೆ ಮರ್ಯಾದೆ ಇನ್ನೂ ಹೆಚ್ಚು ಹೋಗುತ್ತದೆ. ಕಂಡವರ ದನಿ ಅನುಕರಿಸುವುದು ನನ್ನ ಚಟ. ಬಸ್ ಏಜೆಂಟರಿಂದ ಹಿಡಿದು ನನ್ನಪ್ಪನ ಕೆಮ್ಮಿನವರೆಗೆ ಏನನ್ನೂ ಬಿಟ್ಟವನಲ್ಲ. ಗೆಳೆಯ ಶೇಷಾದ್ರಿಯ ಕೈಬರಹವನ್ನೂ ಬಿಡಲಿಲ್ಲ, ಅಲ್ಲೇ ಕೆಟ್ಟಿತು.

ಶೇಷಾದ್ರಿಗೆ ಕೊಪ್ಪದಲ್ಲಿ ಜೆರಾಕ್ಸ್ ಅಂಗಡಿ. ಪಹಣಿಯ ಪ್ರತಿ ಮಸುಕಾಗಿ ಹಾಳಾದ ಹಾಳೆಗಳ ಹಿಂಬದಿಯಲ್ಲಿ ಅವನು ಎಲ್ಫ್ ಜನರಿಗೊಂದು ಭಾಷೆ ಕಟ್ಟುತ್ತಿದ್ದ. ಎಲ್ಫ್ ಎಂದರೆ ವಿದೇಶಿ ಕಥೆಗಳಲ್ಲಿ ಬರುವ ಚೂಪುಕಿವಿಯ ಕಾಡುಜನ, ಅವರಿಗೆ ಮುಪ್ಪಿಲ್ಲ. ಆ ಭಾಷೆಯಲ್ಲಿ ನಾನು ಶೃಂಗೇರಿ ಬಸ್ಸಿನ ಕಂಡಕ್ಟರನಾಗಿ ‘ಒಳಗೆ ಹೋಗಿ, ಒಳಗೆ ಹೋಗಿ’ ಎಂದು ಕೂಗಿ ಅಂಗಡಿಗೆ ಬಂದವರನ್ನೆಲ್ಲ ನಗಿಸುತ್ತಿದ್ದೆ. ಒಳಗೊಳಗೇ ಬೆರಗು. ದೂರದ ಮನೆಯಿಂದೇಳುವ ಹೊಗೆಗೆ ‘ತೆವೆಲೂ’, ಯಾರೋ ಈಗಷ್ಟೇ ಎದ್ದುಹೋದ ಕಲ್ಲಿನ ಬಿಸಿಗೆ ‘ಓಮಿರಿ’. ಇರುವವರ ದನಿ ಕದ್ದು ಮೆರೆಯುವ ನನಗೆ, ಇಲ್ಲದವರಿಗೆ ಮಾತು ಕೊಡುವ ಅವನನ್ನು ಕಂಡರೆ ಹೊಟ್ಟೆಕಿಚ್ಚೂ ಇತ್ತು.

ಅವನ ಪದಪಟ್ಟಿಯಲ್ಲಿ ‘ಸಾವು’ ಎಂಬುದರ ಮುಂದೆ ಮಾತ್ರ ಜಾಗ ಖಾಲಿ. ಎರಡು ತಿಂಗಳಿಂದ ಯೋಚಿಸುತ್ತಿದ್ದ. ನಮ್ಮ ಬಾಯಲ್ಲೂ ಆ ಶಬ್ದ ಬರುವುದಿಲ್ಲವಲ್ಲ. ಯಾರಾದರೂ ತೀರಿಕೊಂಡರೆ ನೆಂಟರಿಗೆ ಫೋನ್ ಮಾಡಿ ಸ್ವಲ್ಪ ಸೀರಿಯಸ್ಸು, ಹೊರಟು ಬನ್ನಿ ಎನ್ನುತ್ತೇವೆ. ಅವರೂ ಏನೂ ಕೇಳದೆ, ಸ್ನಾನದ ನಂತರ ಉಡಲು ಬಟ್ಟೆ ಹಿಡಿದೇ ಬರುತ್ತಾರೆ. ಶೇಷಾದ್ರಿ ಟೀ ಕುಡಿಯಲು ಹೋದಾಗ ಆ ಖಾಲಿ ಜಾಗದಲ್ಲಿ, ನಾವು ಹುಡುಗರು ಕೋಳಿ, ಬೈಕು, ಬ್ಯಾಟರಿ ಯಾವುದು ಸತ್ತರೂ ಹೇಳುವ ‘ಗೊಟಕ್’ ಎಂಬುದನ್ನು ಅವನದೇ ಅಕ್ಷರದಲ್ಲಿ ಬರೆದಿಟ್ಟೆ.

ಆ ಹಾಳೆಗಳಿಗೊಬ್ಬರು ಓದುಗರಿದ್ದಾರೆಂದು ನನಗೇನು ಗೊತ್ತು? ಶೃಂಗೇರಿಯಲ್ಲಿರುವ ಅವನ ದೊಡ್ಡಮ್ಮ, ನಿವೃತ್ತ ಸಂಸ್ಕೃತ ಟೀಚರ್, ಹೃದಯದ ಕಾಯಿಲೆಯಿಂದ ಹಾಸಿಗೆ ಹಿಡಿದವರು. ತಾನಿರುವಾಗಲೇ ಆ ಶಬ್ದವೊಂದನ್ನು ನೋಡಬೇಕೆಂದು ಕೇಳುತ್ತಲೇ ಇದ್ದರಂತೆ. ಶೇಷಾದ್ರಿ ಗಮನಿಸದೆ ಹಾಳೆಯ ಕಟ್ಟನ್ನು ಒಯ್ದು ಅವರ ಕೈಗಿಟ್ಟ. ಮಾರನೇ ದಿನ ನನ್ನ ಮುಖ ನೋಡದೆ ಹೇಳಿದ, “ಓದಿದ ಕೂಡ್ಲೇ ಇದು ನಿಂದಲ್ಲ ಅಂದ್ರು ಮಾರಾಯ. ಬರೆದವನನ್ನ ಕರ್ಕೊಂಡು ಬರ್ಬೇಕಂತೆ.”

ಅಂದು ಬಸ್ಸಿನಲ್ಲಿ ಕಂಡಕ್ಟರ್ ಅಷ್ಟು ಕೂಗಿದರೂ ನನ್ನ ಗಂಟಲು ತುರಿಸಲಿಲ್ಲ. ದೊಡ್ಡಮ್ಮ ದಿಂಬಿಗೊರಗಿ ಕೂತಿದ್ದರು. ಕ್ಷಮೆ ಕೇಳಲು ಬಾಯಿ ತೆರೆದರೆ, ಹೆದರಿಕೆಗೆ, ನಮ್ಮ ಮನೆಯ ಪುರೋಹಿತರ ದನಿ ಹೊರಟಿತು. ಅವರು ನಕ್ಕರು, ಕೆಮ್ಮಿದರು, ಸುಧಾರಿಸಿಕೊಂಡು ಹಾಳೆ ಮಡಚಿದರು. ಆ ಶಬ್ದ ಹಾಗೇ ಇರಲಿ, ಹೊಡೆದು ಹಾಕಬೇಡ ಎಂದು ಶೇಷಾದ್ರಿಗೆ ಹೇಳಿ ನನ್ನತ್ತ ತಿರುಗಿದರು.

“ಮಾಣಿ, ನನ್ನ ಸರದಿ ಬಂದಾಗ ನೆಂಟರಿಗೆಲ್ಲ ಫೋನ್ ಮಾಡೋದು ನೀನೇ. ಸೀರಿಯಸ್ಸು ಗೀರಿಯಸ್ಸು ಅನ್ನೋ ಹಾಗಿಲ್ಲ, ಇದನ್ನೇ ಹೇಳ್ಬೇಕು. ಅದೂ ನಿನ್ನ ಸ್ವಂತ ದನಿಯಲ್ಲಿ, ಅಂಥದ್ದೊಂದು ನಿನ್ಹತ್ರ ಇದ್ರೆ.”